ಹಿಟ್ಟಿಗೊಂದು ಬೆಚ್ಚಗಿನ ಜಾಗ

ಟೈಲರ್ ಮಾಸ್ತರಿಗೆ ಈ ಲೋಕದಲ್ಲಿ ಸಹಿಸಲಾಗದ ವಸ್ತು ಒಂದೇ ಒಂದು: ಹೆಂಡತಿಯ ಅಣ್ಣನ ಬೇಕರಿಯ ಬನ್ನು. ಬನ್ನು ಕೆಟ್ಟದಾಗಿತ್ತು ಅಂತಲ್ಲ. ಕೆಟ್ಟದಾಗಿದ್ದರೆ ಮಾಸ್ತರು ಎಷ್ಟೋ ಖುಷಿಯಿಂದ ಇನ್ನೊಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅದು ಹತ್ತಿಯ ಹಾಗೆ ಮೆತ್ತಗಿತ್ತು, ಅದೇ ತೊಂದರೆ. ಮನೆಯಲ್ಲಿ ಯಾವ ಸಮಾರಂಭವಾದರೂ ಭಾವ ಒಂದು ದೊಡ್ಡ ಬುಟ್ಟಿ ಬನ್ನು ಹೊತ್ತು ಬರುತ್ತಿದ್ದ. ಬಂದವರೆಲ್ಲ ಮಾಸ್ತರ ಕುರ್ಚಿಯಲ್ಲಿ ಕೂತು, ಮಾಸ್ತರ ಬೆಣ್ಣೆ ಸವರಿಕೊಂಡು, ಭಾವನನ್ನು ಹೊಗಳುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಈ ಕುರ್ಚಿಯ ಕವರು ಎಷ್ಟು ಚೆನ್ನಾಗಿ ಹೊಲಿದಿದ್ದೀರಿ" ಎಂದವರಿಲ್ಲ. ಹೇಳಿ, ಯಾರಿಗಾದರೂ ಹೊಟ್ಟೆ ಉರಿಯುವುದಿಲ್ಲವೇ?

ಈ ಸಲ ಅತ್ತೆಗೆ ಎಪ್ಪತ್ತೈದು ತುಂಬುವ ಸಂಭ್ರಮ. ಅತ್ತೆ ಎಂದರೆ ಹೆಂಡತಿಯ ತಾಯಿ, ಭಾವನಿಗೂ ತಾಯಿ. ಆದರೆ ಇರುವುದು ಮಗಳು-ಅಳಿಯನ ಮನೆಯಲ್ಲಿ. ಪಾರ್ಟಿಗೆಂದೇ ಭಾವ ದಪ್ಪ ಉಣ್ಣೆಯ ಬಟ್ಟೆ ತಂದು ಮಾಸ್ತರ ಹತ್ತಿರ ಕೋಟು ಹೊಲಿಯಲು ಹಾಕಿದ್ದ. ಜಗಳ ಹತ್ತಿಕೊಂಡದ್ದು ಆ ಕೋಟಿನ ಟ್ರಯಲ್ ನೋಡುವಾಗ. ಭಾವ ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತಿದ್ದ. ಮಾಸ್ತರ ಬಾಯಿ ತುಂಬ ಗುಂಡುಪಿನ್ನುಗಳಿದ್ದವು. (ತನಗೆ ಉತ್ತರ ಬರಬಾರದು ಎನಿಸಿದ ಮಾತನ್ನು ಭಾವ ಯಾವಾಗಲೂ ಆ ಹೊತ್ತಿಗೇ ಎತ್ತುತ್ತಿದ್ದ.)

"ಅಮ್ಮನ ಪಾರ್ಟಿಗೆ ಪುಟ್ಟ ಪುಟ್ಟ ಬನ್ನು ಮಾಡಿಸ್ತೀನಿ ಮಾಸ್ತರೇ. ಒಂದೊಂದು ಒಂದೊಂದು ತುತ್ತು. ಬಾಯಲ್ಲಿಟ್ರೆ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು!"

"ಹೂಂ," ಎಂದರು ಮಾಸ್ತರು, ಪಿನ್ನುಗಳ ನಡುವಿನಿಂದ.

"ನೀವೇನೂ ಬೇಜಾರು ಮಾಡ್ಕೋಬೇಡಿ. ಹಿಟ್ಟು ಉಬ್ಬಿಸೋದು ಅಂದ್ರೆ ಎಲ್ಲರ ಕೈಲೂ ಆಗೋ ಮಾತಲ್ಲ. ಅದಕ್ಕೆ ಕೈಗುಣ ಬೇಕು. ನಿಮ್ಮದು ಬಟ್ಟೆ ಕೈ. ಬಟ್ಟೆಗೆ ಜೀವ ಇಲ್ಲ ನೋಡಿ, ನೀವೇನು ಮಾಡಿದ್ರೂ ಸುಮ್ಮನೆ ಮಾಡಿಸ್ಕೊಳ್ಳುತ್ತೆ."

ಮಾಸ್ತರು ಪಿನ್ನುಗಳನ್ನೆಲ್ಲ ಅಂಗೈಗೆ ಉಗುಳಿದರು. "ಈ ಸಲ ಬನ್ನು ನಾನೇ ಮಾಡ್ತೀನಿ," ಎಂದುಬಿಟ್ಟರು.

ಭಾವ ನಕ್ಕ ರಭಸಕ್ಕೆ ಕೋಟಿನ ಬೆನ್ನಿನ ಕಚ್ಚಾ ಹೊಲಿಗೆ ಪಟಪಟ ಕಿತ್ತುಬಂತು. "ಆಗಲಿ! ನಿಮ್ಮ ಕೈಲಿ ಹಿಟ್ಟು ಉಬ್ಬಿದ್ರೆ ಬಂದವರೆಲ್ಲರ ಎದುರು ಎದ್ದು ನಿಂತು ಒಪ್ಕೋತೀನಿ. ಉಬ್ಬದೇ ಇದ್ರೆ, ಇನ್ಮೇಲೆ ನನ್ನ ಬನ್ನು ತಿನ್ನೋವಾಗ ನೀವು ಆ ಮುಖ ಮಾಡೋ ಹಾಗಿಲ್ಲ."

"ಯಾವ ಮುಖ?"

"ಈಗ ಮಾಡ್ತಿದ್ದೀರಲ್ಲ, ಅದು."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ನರಳುವವರನ್ನು ನೋಡಿ ನೋಡಿ, ಮನೆಯಲ್ಲಿ ಯಾರು ಏನು ಘೋಷಿಸಿದರೂ ಮೊದಲು ಜ್ವರ ಇದೆಯೇ ಎಂದು ನೋಡುವುದು ಆಕೆಯ ಕ್ರಮ. ಸುದ್ದಿ ಕೇಳಿ ಗಂಡನ ಹಣೆ ಮುಟ್ಟಿದಳು. ಬಿಸಿ ಇರಲಿಲ್ಲ.

"ರೀ, ಒಂದು ಮಾತು ನೆನಪಿರಲಿ. ಅಮ್ಮ ಈಗಷ್ಟೇ ಹೊಸ ಹಲ್ಲಿನ ಸೆಟ್ಟು ಹಾಕಿಸ್ಕೊಂಡಿದ್ದಾರೆ. ಮೆತ್ತಗಿರಬೇಕು."

"ಮೆತ್ತಗೆ ಅಂದ್ರೆ ಹೇಗೆ ಅಂತೀಯ? ರೇಷ್ಮೆ! ನಿಮ್ಮಣ್ಣನ ಬನ್ನು ಅದರ ಮುಂದೆ ಗೋಣಿಚೀಲ."

"ಆಯ್ತು. ಕಂಬಳಿ, ಹೊದಿಕೆ ಎಲ್ಲ ಒಗೆದು ಹಾಕಿದ್ದೀನಿ, ಹಿಟ್ಟಿನ ಕೈಲಿ ಮುಟ್ಟಬೇಡಿ," ಎಂದು ಹೇಳಿ ಪಾರ್ಟಿಯ ದಿನ ಬೆಳಗ್ಗೆ ಆಕೆ ಡ್ಯೂಟಿಗೆ ಹೊರಟುಹೋದಳು. ಕೋಟನ್ನು ಮುಟ್ಟಬೇಡಿ ಎಂದು ಹೇಳಲಿಲ್ಲ. ಕೋಟು ಹೊಲಿಯುವವರಿಗೆ ಹಾಗೆ ಹೇಳುವುದಾದರೂ ಹೇಗೆ?

ಮಾಸ್ತರು ಸೊಂಟಕ್ಕೆ ಟವೆಲು ಸುತ್ತಿ ಅಡುಗೆಮನೆಯ ರಣರಂಗಕ್ಕೆ ಇಳಿದರು. ಹಿಟ್ಟು, ಹಾಲು, ಬೆಣ್ಣೆ, ಸಕ್ಕರೆ ಎಲ್ಲವನ್ನೂ ಅಳೆದರು. ಅಳತೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಟೈಲರಿಕೆಯಲ್ಲಿ ಒಂದು ಪದ್ಧತಿಯಿದೆ. ಬಟ್ಟೆ ತೊಳೆದ ಮೇಲೆ ಕುಗ್ಗುತ್ತದೆ, ಗಿರಾಕಿ ವರ್ಷ ಕಳೆದ ಮೇಲೆ ದಪ್ಪಗಾಗುತ್ತಾನೆ. ಹಾಗಾಗಿ ಎಲ್ಲದರಲ್ಲೂ ಒಂಚೂರು ಮಾರ್ಜಿನ್ ಬಿಟ್ಟೇ ಕತ್ತರಿಸಬೇಕು. ಈಸ್ಟಿನ ಪೊಟ್ಟಣದ ಮೇಲೆ ಬರೆದಿದ್ದ ಅಳತೆ ಅವರಿಗೆ ಮಾರ್ಜಿನ್ನೇ ಇಲ್ಲದ ಬಿಗಿ ಅಂಗಿಯ ಹಾಗೆ ಕಂಡಿತು. ಪೊಟ್ಟಣವನ್ನು ಪೂರ್ತಿ ಕೊಡವಿದರು. ಆಮೇಲೆ, ಇರಲಿ ಎಂದು, ಇನ್ನೊಂದರಿಂದಲೂ ಸ್ವಲ್ಪ.

ಹಿಟ್ಟು ನಾದಿದ್ದಾಯಿತು. ನಿಜಕ್ಕೂ ಚೆನ್ನಾಗಿ ನಾದಿದರು. ಕೈಯಲ್ಲಿ ಮುದ್ದೆ ನುಣುಪಾಗಿ, ಒತ್ತಿದರೆ ಮೆಲ್ಲಗೆ ಮೇಲೇಳುತ್ತಿತ್ತು. ಮಾಸ್ತರಿಗೆ ಅದರ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಇನ್ನು ಬೆಚ್ಚಗಿನ ಜಾಗದಲ್ಲಿ ಇಡಬೇಕಂತೆ. ಹೊರಗೆ ಮೋಡ ಕವಿದು ಮನೆಯೊಳಗೆಲ್ಲ ಥಂಡಿ. ಕಂಬಳಿ ಮುಟ್ಟುವ ಹಾಗಿಲ್ಲ. ಇಡೀ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಬಟ್ಟೆ ಯಾವುದು ಎಂದು ಬೇರೆ ಯಾರನ್ನಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದರೇನೋ. ಮಾಸ್ತರಿಗೆ ಬೆರಳ ತುದಿಯಲ್ಲೇ ಗೊತ್ತಿತ್ತು. ಲೈನಿಂಗಿನ ಕೆಳ ಅಂಚು ಮಡಿಸಿ ಹೊಲಿಯುವುದೊಂದು ಬಿಟ್ಟು ಎಲ್ಲ ಮುಗಿದು, ಗೋಡೆಯ ಹ್ಯಾಂಗರಿನಲ್ಲಿ ಭಾವನ ಉಣ್ಣೆ ಕೋಟು ತೂಗುತ್ತಿತ್ತು.

ಪಾತ್ರೆಗೆ ಒಂದು ಬಟ್ಟೆ ಮುಚ್ಚಿ, ಕೋಟಿನೊಳಗೆ ಕೂರಿಸಿ, ಗುಂಡಿ ಹಾಕಿ, ಎರಡು ತೋಳನ್ನೂ ಮುಂದೆ ತಂದು ಗಂಟು ಕಟ್ಟಿದರು. ನಡುಮನೆಯ ಮೂಲೆಯಲ್ಲಿ ಕೈಕಟ್ಟಿ ಕೂತ ಭಾವನ ಹಾಗೇ ಕಂಡಿತು, ತಲೆ ಒಂದು ಇರಲಿಲ್ಲ. ಕಾಯುತ್ತ ಪಕ್ಕದಲ್ಲಿ ಕೂತವರು ಹಾಗೇ ಗೊರಕೆ ಹೊಡೆದರು.

ಎಬ್ಬಿಸಿದ್ದು ಅತ್ತೆ. "ಅಳಿಯಂದ್ರೇ, ಆ ಕೋಟು ಉಸಿರಾಡ್ತಾ ಇದೆ."

"ಕನ್ನಡಕ ಹಾಕ್ಕೊಳ್ಳಿ ಅತ್ತೆ," ಎಂದು ತಿರುಗಿದ ಮಾಸ್ತರು ಗಡಬಡಿಸಿ ಕೋಟಿನ ಹತ್ತಿರ ಸರಿದರು. ಕೋಟು ಉಸಿರಾಡುತ್ತಿದ್ದುದು ಮಾತ್ರವಲ್ಲ, ಎದ್ದು ಹೊರಡುವ ಸಿದ್ಧತೆಯಲ್ಲಿತ್ತು. ಗಂಟು ಬಿಚ್ಚಿ ನೋಡಿದರೆ ಹಿಟ್ಟು ಪಾತ್ರೆಯ ಸಹವಾಸ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಹೊಲಿಯದೆ ಬಿಟ್ಟಿದ್ದ ಲೈನಿಂಗಿನ ಅಂಚು ಸಿಕ್ಕಿದ್ದೇ ತಡ, ಒಳನುಗ್ಗಿ ಎಡ ಎದೆ ನೆಟ್ಟಗಿರಲೆಂದು ಒಳಗೆ ಹಾಕಿದ್ದ ಕ್ಯಾನ್ವಾಸು ಬಟ್ಟೆಯವರೆಗೂ ಏರಿ ಕೂತಿತ್ತು. ಅತ್ತೆ, ತಮ್ಮ ಕಣ್ಣೇ ಸರಿಯಿಲ್ಲ ಎಂದುಕೊಂಡು, ಕನ್ನಡಕ ಹುಡುಕಲು ಒಳಗೆ ಹೋದರು.

ಮಾಸ್ತರು ಬಾಚಿದರು, ಕೆರೆದರು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೊರಗಿನದೆಲ್ಲ ಹೋಯಿತು. ಆದರೆ ಎದೆಯ ಒಳಗೆ, ಕೈಗೆಟುಕದ ಕಡೆ, ಒಂದು ಹಿಡಿ ಉಳಿದೇಹೋಯಿತು. ಲೈನಿಂಗು ಪೂರ್ತಿ ಬಿಚ್ಚದೆ ಅದು ಬರುವುದಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಭಾವನ ಸ್ಕೂಟರು ನಿಂತ ಸದ್ದಾಯಿತು.

ನಲವತ್ತು ವರ್ಷದ ಕಸುಬು ಆ ಕ್ಷಣಕ್ಕೆ ಉಪಯೋಗಕ್ಕೆ ಬಂತು. ಮೆಟ್ಟಿಲ ಮೇಲೆ ಭಾವನ ಬೂಟಿನ ಸಪ್ಪಳ ಕೇಳುತ್ತಿದ್ದ ಹಾಗೇ ಮಾಸ್ತರು ಕೆಳ ಅಂಚನ್ನು ಹೊಲಿದು ಮುಗಿಸಿದರು. ಒಳಗಿರುವ ಹಿಟ್ಟು ಒಣಗಿದರೆ ಕ್ಯಾನ್ವಾಸಿಗೆ ಗಂಜಿ ಹಾಕಿದಂತಾಗುತ್ತದೆ, ಕೋಟು ನೆಟ್ಟಗೆ ನಿಲ್ಲುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಭಾವ ತೊಟ್ಟು ನೋಡಿದ. "ಆಹಾ! ಎದೆ ಭಾಗ ಎಷ್ಟು ತುಂಬಿಕೊಂಡು ಕೂತಿದೆ ಮಾಸ್ತರೇ! ಏನು ಹಾಕಿದ್ರಿ ಒಳಗೆ?"

"ಒಳ್ಳೇ ಸಾಮಾನೇ ಹಾಕಿದ್ದೀನಿ ಭಾವ."

"ಹಿಟ್ಟು ಉಬ್ತಾ?"

"ಉಬ್ತು," ಎಂದರು ಮಾಸ್ತರು. ಅಲ್ಲಿಯವರೆಗೆ ಅವರು ಆ ದಿನ ಆಡಿದ ಸತ್ಯವಾದ ಮಾತು ಅದೊಂದೇ.

ಭಾವ ಕೋಟು ತೆಗೆದುಕೊಂಡು ಹೋದ ಮೇಲೆ, ಉಣ್ಣೆಯ ಎಳೆ ಅಂಟಿದ್ದನ್ನೆಲ್ಲ ಎಸೆದು, ಪಾತ್ರೆಯ ತಳದಲ್ಲಿ ಉಳಿದಿದ್ದ ಹಿಟ್ಟಿಗೆ ಇನ್ನಷ್ಟು ಮೈದಾ ಸುರಿದು ಹೊಸದಾಗಿ ನಾದಿದರು. ಈ ಸಲ ಸಿಟ್ಟಿನಲ್ಲಿ ನಾದಿದರು. ಮತ್ತೆ ಉಬ್ಬಲು ಬಿಡಲು ಹೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. ಪುಟ್ಟ ಪುಟ್ಟ ಉಂಡೆ ಕಟ್ಟಿ ನೇರವಾಗಿ ಓವನ್ನಿಗೆ ತಳ್ಳಿದರು. ಹೊರಗೆ ಬಂದಾಗ ಎಲ್ಲ ಒಂದೇ ಅಳತೆ, ಒಂದೇ ಬಣ್ಣ, ನೋಡಲು ಬಲು ಚೆಂದ. ಒಂದು ಕೈಜಾರಿ ನೆಲಕ್ಕೆ ಬಿತ್ತು. ಕೆಳಗಿನ ಮನೆಯವರು ಬಂದು ಏನಾಯಿತು ಎಂದು ವಿಚಾರಿಸಿಕೊಂಡು ಹೋದರು.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಒಂದನ್ನು ಎತ್ತಿಕೊಂಡು, ಬಾಗಿಲು ತಟ್ಟುವ ಹಾಗೆ ಬೆರಳಲ್ಲಿ ತಟ್ಟಿದಳು.

"ರೀ, ಇದನ್ನ ತಿನ್ನೋದಾ, ಗೋಡೆ ಕಟ್ಟೋದಾ?"

"ಹೊರಗೆ ಮಾತ್ರ ಸ್ವಲ್ಪ ಗಟ್ಟಿ. ಒಳಗೆ ಮೆತ್ತಗಿರುತ್ತೆ."

"ಒಳಗೆ ಹೋಗೋ ದಾರಿ ಯಾವುದು?"

ಮಾಸ್ತರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. ಪಾಪ, ಅವರ ಮುಖ ನೋಡಿ ಆಕೆ ಬನ್ನನ್ನು ಮೆಲ್ಲಗೆ ಬುಟ್ಟಿಗಿಟ್ಟಳು. "ಹೋಗಲಿ ಬಿಡಿ. ಬಿಸಿ ಸೂಪು ಮಾಡ್ತೀನಿ, ನೆನೆಸ್ಕೊಂಡು ತಿಂತಾರೆ," ಎಂದು ಬುಟ್ಟಿಗೆ ಒಂದು ಚೆಂದದ ಕರವಸ್ತ್ರ ಮುಚ್ಚಿದಳು.

ಸಂಜೆ ನಡುಮನೆ ಕಿಕ್ಕಿರಿದು ತುಂಬಿತು. ಅಕ್ಕಪಕ್ಕದವರು, ಆಸ್ಪತ್ರೆಯವರು, ಹೊಸ ಹಲ್ಲು ತೋರಿಸಲೆಂದೇ ಒಂದೇ ಸಮನೆ ನಗುತ್ತಿದ್ದ ಅತ್ತೆ. ಜನರ ಶಾಖಕ್ಕೆ ಕಿಟಕಿಯ ಗಾಜು ಬೆವರಿತು. ನಡುವೆ ಹೊಸ ಕೋಟಿನಲ್ಲಿ, ಮೇಲಿನಿಂದ ಕೆಳಗಿನವರೆಗೂ ಗುಂಡಿ ಹಾಕಿಕೊಂಡು, ಭಾವ ಮೆರೆಯುತ್ತಿದ್ದ. ಕರವಸ್ತ್ರ ಸರಿಸಿದವನೇ ಒಂದು ಬನ್ನು ಎತ್ತಿ ಮೇಜಿನ ಅಂಚಿಗೆ ಕುಟ್ಟಿದ. ಟಣ್ ಎಂದಿತು. ಎಲ್ಲರೂ ಮಾತು ನಿಲ್ಲಿಸಿದರು, ಭಾಷಣ ಶುರುವಾಯಿತೆಂದು.

ಶುರುವಾದದ್ದೂ ಭಾಷಣವೇ. "ನೋಡಿ ಮಾಸ್ತರೇ, ನಾನು ಅವತ್ತೇ ಹೇಳಿದ್ದೆ. ಹಿಟ್ಟಿಗೆ ಜೀವ ಇರುತ್ತೆ. ಅದು ಮನುಷ್ಯರ ಗುರುತು ಹಿಡಿಯುತ್ತೆ. ಯಾರ ಹತ್ತಿರ ಉಬ್ಬಬೇಕು, ಯಾರ ಹತ್ತಿರ..."

ಅತ್ತೆ ಒಂದು ಬನ್ನನ್ನು ಸೂಪಿನಲ್ಲಿ ಮುಳುಗಿಸಿ, "ಇರಲಿ ಬಿಡೋ, ನಾನು ನಾಳೆ ತಿಂತೀನಿ," ಎಂದು ಅಳಿಯನ ಮಾನ ಕಾಪಾಡಲು ನೋಡಿದರು. ಅದರಿಂದ ನಗು ಇನ್ನೂ ಹೆಚ್ಚಾಯಿತು. ಮಾಸ್ತರು ತಲೆ ತಗ್ಗಿಸಿದರು. ಅಷ್ಟು ಮುದ್ದಾಗಿ ನಾದಿದ ಹಿಟ್ಟು! ಉಬ್ಬಿತ್ತು, ತಮ್ಮ ಕಣ್ಣಾರೆ ನೋಡಿದ್ದರು. ಹೇಳಿದರೆ ಯಾರು ನಂಬುತ್ತಾರೆ?

ಇದ್ದಕ್ಕಿದ್ದ ಹಾಗೆ ಭಾವನ ಭಾಷಣ ನಿಂತಿತು. ಮುಖ ಸಪ್ಪಗಾಯಿತು. "ಯಾಕೋ... ಎಡಗಡೆ ಎದೆ ಭಾರ ಆಗ್ತಿದೆ," ಎಂದ. "ಯಾರೋ ಒತ್ತಿದ ಹಾಗೆ." ಹೇಳುತ್ತಿದ್ದ ಹಾಗೇ ಕೋಟಿನ ನಡುಗುಂಡಿ ಚಿಟಿಲ್ಲನೆ ಹಾರಿ ಸೂಪಿಗೆ ಬಿತ್ತು.

"ಅಯ್ಯೋ ನನ್ನ ಮಗನೇ!" ಎಂದು ಅತ್ತೆ ಚೀರಿದರು. ಹೆಂಡತಿ ಒಂದೇ ನೆಗೆತಕ್ಕೆ ಬಂದು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ನಾಡಿ ಹಿಡಿದಳು. ಸರಿಯಿತ್ತು. ಎದೆಯ ಮೇಲೆ ಅಂಗೈ ಇಟ್ಟಳು. ಅಂಗೈ ಮೆಲ್ಲಗೆ ಒಳಗೆ ಇಳಿಯಿತು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಎದೆಯೂ ಹಾಗೆ ಇಳಿದಿರಲಿಲ್ಲ. ಆಕೆ ನಿಧಾನವಾಗಿ ತಲೆಯೆತ್ತಿ ಗಂಡನ ಕಡೆ ನೋಡಿದಳು. ಮಾಸ್ತರು ಬಹಳ ಆಸಕ್ತಿಯಿಂದ ಫ್ಯಾನು ನೋಡುತ್ತಿದ್ದರು.

"ಗಾಬರಿ ಆಗೋದು ಏನೂ ಇಲ್ಲ," ಎಂದಳು. "ರೀ, ಕತ್ತರಿ."

ಕೋಟು ಬಿಚ್ಚಿಸಿ, ಲೈನಿಂಗು ಸೀಳಿದ ಕೂಡಲೇ, ಬೆಳ್ಳಗೆ, ದುಂಡಗೆ, ಮಗುವಿನ ಕೆನ್ನೆಯ ಹಾಗೆ ಉಬ್ಬಿದ ಹಿಟ್ಟಿನ ಮುದ್ದೆ ಹೊರಬಂತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಭಾವ ಮಾತ್ರ ತನಗೆ ಎದೆನೋವು ಬಂದಿದ್ದನ್ನೇ ಮರೆತ. ಕಸುಬಿನ ಗುಣ, ಬಿಡುತ್ತದೆಯೇ? ಮುದ್ದೆಯನ್ನು ಎತ್ತಿ ಮೂಸಿದ, ಚಿವುಟಿದ, ಎಳೆದು ಬೆಳಕಿಗೆ ಹಿಡಿದ.

"ಅಬ್ಬಬ್ಬಾ, ಏನು ಹದ!" ಎಂದ. ಅವನ ದನಿಯೇ ಮೆತ್ತಗಾಗಿತ್ತು. "ಇಂಥಾ ಹಿಟ್ಟು ನೋಡಿ ಎಷ್ಟು ವರ್ಷ ಆಯ್ತು!"

"ಬೇಕರಿ ಕೆಲಸದ ಭರದಲ್ಲಿ ಜೇಬಲ್ಲಿ ಹಾಕ್ಕೊಂಡು ಬಂದಿದ್ದೀಯ ಕಣೋ," ಎಂದು ಅತ್ತೆ ಕಣ್ಣೊರೆಸಿಕೊಂಡರು. "ಜೇಬು ಹರಿದು ಒಳಗೆ ಹೋಗಿದೆ. ಚಿಕ್ಕವನಿದ್ದಾಗಲೂ ಹೀಗೇ, ಏನು ಸಿಕ್ಕರೂ ಜೇಬಿಗೆ."

"ಇರಬೇಕು," ಎಂದ ಭಾವ, ಒಂದು ಕ್ಷಣ ಯೋಚಿಸಿ. ಆಮೇಲೆ ಎದೆ ಮತ್ತೆ ಉಬ್ಬಿತು, ಈ ಸಲ ಹಿಟ್ಟಿಲ್ಲದೆ. "ಇರಬೇಕು ಏನು, ಹೌದು! ನಮ್ಮ ಬೇಕರೀದೇ. ಇಂಥಾ ಹಿಟ್ಟು ಇನ್ಯಾರ ಕೈಗೆ ಬರುತ್ತೆ? ನೋಡಿ ಮಾಸ್ತರೇ, ಚೆನ್ನಾಗಿ ನೋಡಿ. ಹಿಟ್ಟು ಅಂದ್ರೆ ಇದು."

ಮಾಸ್ತರು ಪಾರಾಗಿದ್ದರು. ಸುಮ್ಮನಿದ್ದರೆ ಸಾಕಿತ್ತು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅದು ಸಾಲದೆಂದು ಕಾಲನ್ನೂ ತುಳಿದಳು. ಮಾಸ್ತರು ತುಟಿ ಕಚ್ಚಿದರು. ಭಾವ ಮುದ್ದೆಯನ್ನು ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸತೊಡಗಿದ. ಜನ ಸಾಲಾಗಿ ಬಂದು, ಬೆರಳಲ್ಲಿ ಒತ್ತಿ, "ಏನು ಕೈಗುಣ ನಿಮ್ಮದು!" ಎಂದು ಭಾವನ ಕೈ ಕುಲುಕಿದರು. ಮೂರನೆಯವರು ಕುಲುಕುವ ಹೊತ್ತಿಗೆ ಮಾಸ್ತರ ಕೈಯಲ್ಲಿ ಆಗಲಿಲ್ಲ.

"ಅದು ನನ್ನ ಹಿಟ್ಟು!" ಎಂದು ಕೂಗಿದರು. "ನಾನು ನಾದಿದ್ದು! ಬೆಚ್ಚಗಿರಲಿ ಅಂತ ನಾನೇ ಕೋಟಿಗೆ ಸುತ್ತಿ ಇಟ್ಟಿದ್ದೆ, ತೆಗೆಯೋಕಾಗದೆ ನಾನೇ ಒಳಗಿಟ್ಟು ಹೊಲಿದಿದ್ದು! ಹೊಲಿಗೆ ನೋಡಿ, ನನ್ನದೇ!"

ಹೆಂಡತಿ ತುಟಿಯ ಮೇಲಿದ್ದ ಬೆರಳನ್ನು ಹಣೆಗೆ ಒಯ್ದಳು. ಭಾವ ಹಿಟ್ಟನ್ನು ನೋಡಿದ, ಸೀಳಿದ ಕೋಟನ್ನು ನೋಡಿದ, ಮಾಸ್ತರನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಮಾತಿಗೆ ತಪ್ಪೋನಲ್ಲ ನಾನು. ಎಲ್ಲರೂ ಕೇಳಿ. ಹಿಟ್ಟು ಮಾಸ್ತರದ್ದೇ, ಒಪ್ಪಿದೆ. ಅವರು ತಾವೇ ಇಟ್ಕೊಂಡು ಮಾಡಿದ್ದು ಇಲ್ಲಿದೆ," ಎಂದು ಒಂದು ಬನ್ನನ್ನು ಎತ್ತಿ ಮತ್ತೆ ಟಣ್ ಎನ್ನಿಸಿದ. "ಅದೇ ಹಿಟ್ಟು ನನ್ನ ಎದೆ ಮೇಲೆ ಒಂದು ಸಂಜೆ ಇದ್ದದ್ದಕ್ಕೆ ಹೇಗಾಯ್ತು ನೋಡಿ! ಕೈ ಬೇಡ ಸ್ವಾಮಿ, ಬೇಕರಿಯವನ ಮೈ ತಾಗಿದ್ರೆ ಸಾಕು."

ಚಪ್ಪಾಳೆಯೋ ಚಪ್ಪಾಳೆ. ಭಾವ ತಲೆಬಾಗಿ ಅದನ್ನೆಲ್ಲ ಸ್ವೀಕರಿಸಿದ. ಆಮೇಲೆ ಲೈನಿಂಗು ಜೋತಾಡುತ್ತಿದ್ದ ಕೋಟನ್ನು ತಂದು, ಪ್ರೀತಿಯಿಂದಲೇ, ಮಾಸ್ತರಿಗೆ ತೊಡಿಸಿದ. "ಹಿಟ್ಟು ನಿಮ್ಮದಾದ ಮೇಲೆ ಇದೂ ನಿಮ್ಮದೇ ಮಾಸ್ತರೇ. ನನಗೆ ಹೊಸದೊಂದು ಹೊಲಿದುಬಿಡಿ. ಈ ಸಲ ಒಳಗೆ ಏನೂ ಹಾಕಬೇಡಿ."

ಅತ್ತೆ ಹೊಸ ಹಲ್ಲೆಲ್ಲ ಬಿಟ್ಟು ನಗುತ್ತಿದ್ದರು. ಹೆಂಡತಿಯೂ ತಡೆಯಲಾರದೆ ನಕ್ಕಳು. ಎಲ್ಲರೂ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ತಾವೊಬ್ಬರೇ ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮಾಸ್ತರೂ ತಟ್ಟಿದರು. ಭಾವನ ಅಳತೆಯ ಕೋಟಿನ ತೋಳು ಬೆರಳಿಗಿಂತ ಗೇಣುದ್ದ ಮುಂದಿದ್ದುದರಿಂದ ಸದ್ದೇ ಬರಲಿಲ್ಲ.