ಮೊಮ್ಮಗನ ಸ್ಕೌಟ್ ವ್ರತ

ಮಕ್ಕಳ ಸ್ಕೂಲಿನ ಮೀಟಿಂಗು ಅಂದರೆ ಮನೆಯಲ್ಲಿ ಕೆಲಸ ಇಲ್ಲದವರು ಹೋಗಿ ಕೂತು ಬರುವ ಜಾಗ ಅಂತ ನಮ್ಮ ಮನೆಯವರು ತಿಳಿದುಕೊಂಡಿದ್ದಾರೆ. ಆ ಕೆಲಸ ಇಲ್ಲದವಳು ನಾನು. ಹಸುವಿನ ಹಾಲು ಕರೆದು, ಮುಸುರೆ ತೊಳೆದು, ಮುದ್ದೆ ತಿರುವಿ, ಬಟ್ಟೆ ಒಗೆದು ಹಾಕಿದ ಮೇಲೂ ನನ್ನ ಹತ್ತಿರ ಬೇಕಾದಷ್ಟು ಬಿಡುವು ಉಳಿದಿರುತ್ತದೆ ಅಂತ ಅವರಿಗೆ ಅನಿಸಿರಬೇಕು. ಮಗ ಮಂಜ ಹಾಲಿನ ವ್ಯಾನು ಓಡಿಸುತ್ತಾನೆ. ಸೊಸೆ ಸುಜಾತ ನರಸಾಪುರದ ಕಡೆ ಫ್ಯಾಕ್ಟರಿಗೆ ಹೋಗುತ್ತಾಳೆ. ಕಂಪನಿ ಬಸ್ಸು ಶ್ರೀನಿವಾಸಪುರ ಬಿಡುವ ಹೊತ್ತಿಗೆ ಸರಿಯಾಗಿ ಬೆಳಕೂ ಆಗಿರುವುದಿಲ್ಲ. ಹಾಗಾಗಿ ಮೂರನೇ ಕ್ಲಾಸಿನ ಮೊಮ್ಮಗ ಚರಣನಿಗೆ ಅಪ್ಪ, ಅಮ್ಮ, ಪೋಷಕರು ಎಲ್ಲಾ ನಾನೇ. ನಾನು ಓದಿದ್ದು ಎರಡನೇ ಕ್ಲಾಸು. ಅವನು ನನಗಿಂತ ಒಂದು ಕ್ಲಾಸು ಮುಂದಿದ್ದಾನೆ, ಅದನ್ನು ದಿನಕ್ಕೊಂದು ಸಲ ನೆನಪಿಸುತ್ತಾನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಹುಡುಗನನ್ನು ಕೆಡಿಸಿದವಳು ನಾನೇ. ಎಂಟು ವರ್ಷ ತುಂಬಿದ್ದರೂ ಸ್ನಾನ ನಾನು ಮಾಡಿಸುತ್ತಿದ್ದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದೆ. ಶೂ ಲೇಸು ಕಟ್ಟುತ್ತಿದ್ದೆ. ಪ್ರೀತಿ ಉಕ್ಕಿ ಹರಿದು ಅಲ್ಲ. ಅವನು ಮಾಡಿದರೆ ಒಂದು ಗಂಟೆ, ನಾನು ಮಾಡಿದರೆ ಐದು ನಿಮಿಷ, ಅಷ್ಟೇ. ಒಂದು ದಿನ ಸ್ಕೂಲಿನಲ್ಲಿ ಲೇಸು ಬಿಚ್ಚಿಹೋಗಿದೆ. ಬೆಲ್ ಹೊಡೆದು ಪಾಠ ಶುರುವಾದರೂ ಇವನು ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಕೂತೇ ಇದ್ದಾನೆ. ಮೇಡಂ ಬಂದು ಯಾಕೋ ಅಂತ ಕೇಳಿದರೆ, "ಅಜ್ಜಿ ಬರ್ತಾಳೆ" ಅಂದನಂತೆ.

ಅವತ್ತು ಊಟಕ್ಕೆ ಕೂತಾಗ ಸುಜಾತ, "ಅತ್ತೆ, ಇವನಿಗೆ ಮದುವೆ ಆದ್ಮೇಲೂ ನೀವೇ ಲೇಸ್ ಕಟ್ಟಬೇಕಾಗುತ್ತೆ. ಮುಂದಿನ ವರ್ಷ ಕೋಲಾರದಲ್ಲಿ ಹಾಸ್ಟೆಲ್‌ಗೆ ಹಾಕೋಣ, ಅಲ್ಲಾದ್ರೂ ಕಲೀಲಿ" ಅಂದಳು. ಮಗರಾಯ ತಟ್ಟೆ ನೋಡಿಕೊಂಡೇ ತಲೆ ಆಡಿಸಿದ. ಜಗಳ ಆಡೋಣ ಅಂದರೆ ತಪ್ಪು ನನ್ನದೇ. ತಪ್ಪು ನನ್ನದಾದಾಗ ನಾನು ಜಗಳ ಆಡದೇ ಇರುವವಳಲ್ಲ, ಆದರೆ ಅವತ್ತು ಚರಣನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ಎದ್ದೆ.

ಅದೇ ವಾರ ಸ್ಕೂಲಿನಿಂದ ಕರೆ ಬಂತು. ಚಿಕ್ಕ ಹುಡುಗರಿಗೆ ಸ್ಕೌಟ್ ದಳ ಶುರು ಮಾಡುತ್ತಾರಂತೆ, ಪೋಷಕರಿಗೆ ಅದನ್ನು ಪರಿಚಯ ಮಾಡಿಕೊಡುತ್ತಾರಂತೆ. ಹೋದೆ. ಹೊಸದಾಗಿ ಬಂದಿದ್ದ ಸ್ಕೌಟ್ ಸಾರು ಬೇರೆ ಜಿಲ್ಲೆಯವರು, ಅವರ ಮಾತು ಪುಸ್ತಕ ಓದಿದ ಹಾಗೆ. "ಮಗು ತಾನೇ ಬೇಗ ಏಳಬೇಕು. ತಾನೇ ಸ್ನಾನ ಮಾಡಬೇಕು. ತನ್ನ ತಟ್ಟೆ ತಾನೇ ತೊಳೆಯಬೇಕು, ತನ್ನ ಹಾಸಿಗೆ ತಾನೇ ಸುತ್ತಿಡಬೇಕು. ಸುಳ್ಳು ಹೇಳಬಾರದು, ನಡೆನುಡಿ ಶುದ್ಧವಾಗಿರಬೇಕು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು. ಎಲ್ಲರ ಎದುರು ಪ್ರತಿಜ್ಞೆ ಮಾಡಿಸಿ ನಾನೇ ಕೊರಳಿಗೆ ಸ್ಕಾರ್ಫ್ ಹಾಕುತ್ತೇನೆ" ಅಂದರು.

ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಾವರ್ಷಾ ಬೀದಿಗೆ ನಾಲ್ಕು ಜನ ದೇವರ ಮಾಲೆ ಹಾಕಿಕೊಳ್ಳುತ್ತಾರೆ. ಗುರುಸ್ವಾಮಿ ಕೊರಳಿಗೆ ಮಾಲೆ ಹಾಕಿದ ಮೇಲೆ ತಣ್ಣೀರ ಸ್ನಾನ, ಬೇರೆ ಚಾಪೆ, ಬೇರೆ ತಟ್ಟೆ. ವ್ರತ ಮುಗಿಯುವ ತನಕ ಮನೆಯೊಳಗೆ ಮಾಂಸ, ಮೊಟ್ಟೆ ಬರುವ ಹಾಗಿಲ್ಲ. ಮಾಲೆ ಹಾಕಿದವನು ಚಿಕ್ಕ ಕೂಸಾದರೂ ಅವನನ್ನು ಸ್ವಾಮಿ ಅಂತಲೇ ಕರೆಯಬೇಕು. ಸಾರು ಹೇಳಿದ್ದೂ ಅದನ್ನೇ ಅಲ್ಲವೇ? ಪಕ್ಕದಲ್ಲಿದ್ದ ಹೆಂಗಸು ಆಗಲೇ ಎರಡೂ ಕೆನ್ನೆ ಬಡಿದುಕೊಂಡು ಕೈ ಮುಗಿದಿದ್ದಳು.

"ಎಷ್ಟು ದಿನ ಸಾರ್ ಇದು?" ಅಂದೆ.

"ಮೊದಲ ಹಂತಕ್ಕೆ ಒಂದೂವರೆ, ಎರಡು ತಿಂಗಳು ಅಜ್ಜಿ."

ಒಂದು ಮಂಡಲ ಅಂದರೆ ನಲವತ್ತೆಂಟು ದಿನ. ಸರಿಹೋಯಿತು. "ಕಾಲಿಗೆ?" ಅಂದೆ. "ಕಪ್ಪು ಶೂ ಕಡ್ಡಾಯ" ಅಂದರು. ಮಾಲೆಯವರು ಬರಿಗಾಲಲ್ಲಿ ಇರಬೇಕು, ಇದೊಂದು ಹೊಂದಲಿಲ್ಲ. ಸ್ಕೂಲಿನ ಮಾಲೆ, ಸ್ವಲ್ಪ ಸಡಿಲ ಇರುತ್ತದೆ ಅಂದುಕೊಂಡು ಸಹಿ ಹಾಕಿದೆ. ವ್ರತ ಹಿಡಿದಾದರೂ ಹುಡುಗ ದಾರಿಗೆ ಬಂದರೆ ಹಾಸ್ಟೆಲ್ ಮಾತು ಬಿದ್ದುಹೋಗುತ್ತದಲ್ಲ ಅನ್ನೋದೇ ನನ್ನ ಆಸೆ.

ಸ್ಕಾರ್ಫು ಕೊರಳಿಗೆ ಬಿದ್ದ ದಿನದಿಂದ ಅವನು ನನಗೆ ಸ್ವಾಮಿ. "ಸ್ವಾಮಿ, ಏಳಿ" ಅಂತ ಬಾಗಿಲ ಹೊರಗಿಂದಲೇ ಎಬ್ಬಿಸುತ್ತಿದ್ದೆ. ವ್ರತದಲ್ಲಿರುವವರ ಬಾಯಿಗೆ ನನ್ನ ಎಂಜಲು ಕೈ ಇಡೋದುಂಟೇ? ತುತ್ತು ನಿಂತಿತು. ಮೊದಲ ದಿನ ಅವನು ಲೇಸು ಕಟ್ಟುವುದನ್ನು ನೋಡಲಾಗದೆ ಹಿತ್ತಲಿಗೆ ಹೋಗಿ, ತೊಳೆದ ಬಿಂದಿಗೆಯನ್ನೇ ಇನ್ನೊಂದು ಸಲ ತೊಳೆದೆ. ಹತ್ತು ದಿನದಲ್ಲಿ ಲೇಸು ಬಂತು. ಅವನಿಗೂ ಇದು ಹಿಡಿಸಿತ್ತು. ಬೀದಿಯಲ್ಲಿ ಹೋಗುವಾಗ ದೊಡ್ಡವರು "ಸ್ವಾಮಿ ಸ್ಕೂಲಿಗೆ ಹೊರಟ್ರಾ" ಅಂದರೆ, ಗಂಭೀರವಾಗಿ ತಲೆ ಆಡಿಸಿಕೊಂಡು ಹೋಗುತ್ತಿದ್ದ.

ಕಷ್ಟ ಬಂದದ್ದು ಊಟಕ್ಕೆ. ನಮ್ಮ ಮನೆಯಲ್ಲಿ ಭಾನುವಾರ ಮಟನ್ ಇಲ್ಲದೆ ಮುದ್ದೆ ಇಳಿಯುವುದಿಲ್ಲ, ಅದರಲ್ಲೂ ನನಗೆ. ಮೂರನೇ ಭಾನುವಾರ ಮಂಜ ತಟ್ಟೆ ನೋಡಿ, "ಇವತ್ತೂ ಹುರುಳಿಕಾಳ್ ಸಾರೇನಮ್ಮಾ?" ಅಂದ.

"ಮನೇಲಿ ಸ್ವಾಮಿ ಇದಾರೆ ಕಣೋ. ನಾಚಿಕೆ ಆಗಲ್ವಾ ನಿನಗೆ?"

"ಅಪ್ಪಾ, ನಾಲಿಗೆ ಕಟ್ಕೋಬೇಕು" ಅಂತ ಸ್ವಾಮಿಗಳು ಚಾಪೆ ಮೇಲಿಂದ ಅಪ್ಪಣೆ ಕೊಡಿಸಿದರು.

ಐದನೇ ವಾರ ಸಾರು ಮತ್ತೆ ಪೋಷಕರನ್ನು ಕರೆದರು. ಚರಣನನ್ನು ಎಲ್ಲರ ಎದುರು ಹೊಗಳಿದರು. "ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಟ್ಟಾಗ ಒಂದನೇ ಕ್ಲಾಸಿನ ಮಕ್ಕಳಿಗೆಲ್ಲ ಇವನೇ ಸುಲಿದು ಕೊಡುತ್ತಾನೆ. ಅವರು ತಿಂದಮೇಲೆ ತಾನು ತಿನ್ನುತ್ತಾನೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊರಳಲ್ಲಿ ಸ್ಕಾರ್ಫು ಇಟ್ಟುಕೊಂಡು ಮೊಟ್ಟೆ! ವ್ರತಭಂಗ ಆಯಿತು, ಈ ಹುಡುಗನಿಗೆ ಏನು ಕೇಡು ಕಾದಿದೆಯೋ! ಎದ್ದು ನಿಂತು, "ಸಾರ್, ತಿಳೀದ ಮಗು, ತಿಂದುಬಿಟ್ಟಿದೆ. ಪರಿಹಾರ ಏನು ಹೇಳಿಬಿಡಿ, ಮಾಡಿಸ್ತೀನಿ. ಮಾಲೆ ತೆಗೀಬೇಡಿ" ಅಂದೆ.

"ಯಾವ ಮಾಲೆ ಅಜ್ಜಿ?" ಅಂದರು.

ಹೇಳಿದೆ. ಚಾಪೆ, ತಣ್ಣೀರು, ಹುರುಳಿಕಾಳು, ಎಲ್ಲಾ ಹೇಳಿದೆ. ಸಾರು ಕುರ್ಚಿ ಹುಡುಕಿಕೊಂಡು ಕೂತರು. ನಕ್ಕು ಕಣ್ಣು ಒರೆಸಿಕೊಂಡು, "ಅಜ್ಜಿ, ಸ್ಕೌಟಿಗೆ ಊಟದ ಕಟ್ಟುಪಾಡು ಏನೂ ಇಲ್ಲ. ಮೊಟ್ಟೆ ತಿನ್ನಲಿ, ಕೋಳಿ ತಿನ್ನಲಿ. ಯಾವ ದೋಷವೂ ಇಲ್ಲ" ಅಂದರು. ಪಕ್ಕದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಗಲಿ. ನನಗೆ ತಲೆ ಮೇಲಿಂದ ಸೌದೆ ಹೊರೆ ಇಳಿಸಿದಂತಾಗಿತ್ತು. ಹುಡುಗನಿಗೆ ಕೇಡಿಲ್ಲ. ಬರುವ ದಾರಿಯಲ್ಲಿ ಒಂದು ಕೆ.ಜಿ. ಮಟನ್ ತಂದೆ.

ಆ ಊಟದಲ್ಲಿ ಒಬ್ಬೊಬ್ಬರ ಬಣ್ಣ ಬಯಲಾಯಿತು. ಮಂಜ ಹಾಲಿನ ವ್ಯಾನು ನಿಲ್ಲಿಸಿ ಮುಳಬಾಗಿಲು ರಸ್ತೆಯ ಹೋಟೆಲಿನಲ್ಲಿ ವಾರಕ್ಕೆರಡು ಸಲ ಬಿರಿಯಾನಿ ತಿನ್ನುತ್ತಿದ್ದನಂತೆ. ಸುಜಾತಳ ಕ್ಯಾಂಟೀನಿನಲ್ಲಿ ಬುಧವಾರ ಚಿಕನ್ ಅಂತೆ. "ಇದು ಮಾಲೆ ಅಲ್ಲ ಅಂತ ನನಗೆ ಮೊದಲ್ನೇ ವಾರವೇ ಗೊತ್ತಿತ್ತು ಅತ್ತೆ. ಹುಡುಗ ತಾನೇ ಸ್ನಾನ ಮಾಡ್ತಿದ್ದ, ಯಾಕೆ ಕೆಡಿಸೋದು ಅಂತ ಸುಮ್ಮನಾದೆ" ಅಂದಳು. ಚರಣನಿಗೆ ಮೊಟ್ಟೆ. ಅಂದರೆ ಐದು ವಾರ ವ್ರತ ಮಾಡಿದವಳು ನಾನೊಬ್ಬಳೇ.

"ಹಾಸ್ಟೆಲ್ ಏನಾಯ್ತಮ್ಮ?" ಅಂತ ಮೆಲ್ಲಗೆ ಕೇಳಿದೆ. "ಯಾಕತ್ತೆ ಈಗ? ನನ್ನ ಡಬ್ಬೀನೂ ಅವನೇ ತೊಳೀತಾನೆ" ಅಂದಳು. ಆ ಖುಷಿಯಲ್ಲಿ ಕೈ ಸುಮ್ಮನಿರಲಿಲ್ಲ, ಮುದ್ದೆ ಮುರಿದು ಅವನ ಬಾಯಿ ಹತ್ತಿರ ಹಿಡಿದೆ. "ಅಜ್ಜಿ, ನಾನೇ ತಿಂತೀನಿ" ಅಂತ ಮುಖ ಆ ಕಡೆ ತಿರುಗಿಸಿದ. ಆ ತುತ್ತು ನಾನೇ ತಿಂದೆ. ಉಪ್ಪು ಖಾರ ಸರಿಯಾಗಿತ್ತು.

ಈ ವರ್ಷ ಸ್ಕೂಲು ಶುರುವಾದಾಗ ಹೊಸ ಹುಡುಗರ ಪೋಷಕರಿಗೆ ನಾನೇ ಎರಡು ಮಾತು ಹೇಳಬೇಕು ಅಂತ ಸಾರು ಹಠ ಹಿಡಿದರು. "ನೀವು ಹೇಳಿದರೆ ಅವರಿಗೆ ಅರ್ಥವಾಗುತ್ತದೆ" ಅಂದರು. ಹೋದೆ, ಹೇಳಿದೆ. ರಾಯಲ್ಪಾಡು ಕಡೆಯಿಂದ ಬಂದ ಒಬ್ಬ ತಾಯಿ ಮುಂದೆಯೇ ಕೂತಿದ್ದಳು. ಅವಳ ತೊಡೆ ಮೇಲೆ ಕೂತಿದ್ದ ಮಗ ಅಲ್ಲಿ ಹಿಡಿಸದೆ ಅರ್ಧ ಹೊರಗೆ ಚಾಚಿಕೊಂಡಿದ್ದ. ಅವಳು ಬಾಳೆಹಣ್ಣು ಸುಲಿದು ಮುರಿದು ಮುರಿದು ಅವನ ಬಾಯಿಗಿಡುತ್ತಿದ್ದಳು. ಎಲ್ಲಾ ಕೇಳಿದ ಮೇಲೆ ಭಕ್ತಿಯಿಂದ, "ಎನ್ನಿ ರೋಜುಲಮ್ಮಾ ಇದಿ?" ಅಂತ ತೆಲುಗಿನಲ್ಲಿ ಕೇಳಿದಳು. ಎಷ್ಟು ದಿನ ಅಂತ.

ಸಾರು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ನಾನು ಆ ಹುಡುಗನ ಕಾಲಿನ ಕಡೆ ನೋಡಿದೆ. ಎರಡೂ ಲೇಸು ಬಿಚ್ಚಿಕೊಂಡು ನೇತಾಡುತ್ತಿದ್ದವು.

"ನಲವತ್ತೆಂಟು ದಿನ ತಾಯಿ" ಅಂದೆ. ಆಮೇಲೆ ನಾನು ತಿಂದ ಹುರುಳಿಕಾಳೆಲ್ಲ ನೆನಪಾಗಿ, "ಮಟನ್ ತಿನ್ನಬಹುದು" ಅಂತ ಸೇರಿಸಿದೆ.