ಅಕ್ಕೋರ ಚೀಲದ ಪಿಸ್ತೂಲು

ಸರ್ಕಾರಿ ಕಚೇರಿಯಲ್ಲಿ ಕೆಲಸ ನಿಂತರೂ ನಿಂತೀತು, ಪಕ್ಕದವರ ಚೀಲದಲ್ಲಿ ಏನಿದೆ ಅನ್ನುವ ಕುತೂಹಲ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. ಆಗ ಮುಂಬೈ ಸರ್ಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ನಾನು ಭೈರುಂಬೆ ಕಡೆಯವನು, ಸಿದ್ದಾಪುರದ ಬ್ಲಾಕ್ ಆಫೀಸಿನಲ್ಲಿ ಕಾರಕೂನ. ನಮ್ಮ ಹೆಡ್ ಕ್ಲಾರ್ಕರು ಹಾವೇರಿ ಕಡೆಯವರು. ಹಳ್ಳಿ ಹೆಂಗಸರ ಮಂಡಳಿಗಳನ್ನು ನೋಡಿಕೊಳ್ಳುವುದಕ್ಕೆ ಅಂತ ಒಬ್ಬ ಮಹಿಳಾ ಅಧಿಕಾರಿ ಮಡಿಕೇರಿಯಿಂದ ವರ್ಗವಾಗಿ ಬಂದರು. ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ‘ಅಕ್ಕೋರು’ ಅಂದೆವು.

೧. ಚೀಲದ ಭಾರ

ಅಕ್ಕೋರು ಕೊಡಗಿನ ಪದ್ಧತಿಯಂತೆ ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುತ್ತಿದ್ದರು. ಹೆಡ್ ಕ್ಲಾರ್ಕರು ಮೊದಲ ದಿನವೇ ನನ್ನ ಕಿವಿಯಲ್ಲಿ, “ಅವಸರದಾಗ ಹಿಂದುಮುಂದು ಉಟ್ಕೊಂಡು ಬಂದಾರೇನ್ರಿ?” ಅಂತ ಕೇಳಿದರು. ಎರಡನೆಯ ದಿನವೂ ಹಾಗೇ ಬಂದಾಗ ಸುಮ್ಮನಾದರು.

ಸೀರೆಯ ಸಮಾಚಾರ ಮುಗಿಯುವಷ್ಟರಲ್ಲಿ ಚೀಲದ್ದು ಶುರುವಾಯಿತು. ಅವರ ಹತ್ತಿರ ಒಂದು ಕರಿ ಚರ್ಮದ ಕೈಚೀಲ. ಮೇಜು ಒರೆಸುವಾಗ ಪಟ್ಟೆವಾಲ, ಅಂದರೆ ನಮ್ಮ ಜವಾನ, ಅದನ್ನು ಎತ್ತಿ ಪಕ್ಕಕ್ಕೆ ಇಟ್ಟವನು ನನ್ನ ಹತ್ತಿರ ಓಡಿಬಂದ.

“ಎಂಥದೋ ಭಾರ ಉಂಟು ಮಾರಾಯ್ರೆ ಅದ್ರಲ್ಲಿ. ಕಬ್ಬಿಣ.”

“ಬಂಗಾರ ಇರಬೇಕು” ಅಂದರು ಹೆಡ್ ಕ್ಲಾರ್ಕರು.

“ಅಡಕತ್ತರಿ ಇರಬೇಕು” ಅಂದೆ ನಾನು. ನಮ್ಮ ಕಡೆ ಚೀಲದಲ್ಲಿ ಕಬ್ಬಿಣ ಇದ್ದರೆ ಅದು ಅಡಕತ್ತರಿಯೇ, ಬೇರೆ ಏನೂ ನನಗೆ ಹೊಳೆಯಲಿಲ್ಲ.

ಪಟ್ಟೆವಾಲ ತಲೆ ಅಲ್ಲಾಡಿಸಿದ. “ಎಲೆಅಡಿಕೆ ಕವಳ ಹಾಕುವವರಲ್ಲ ಅವರು. ಹಲ್ಲು ನೋಡಿದ್ರಾ? ಮಲ್ಲಿಗೆ ಮೊಗ್ಗು. ಈ ಆಫೀಸಲ್ಲಿ ಅಂಥ ಹಲ್ಲು ಯಾರಿಗೆ ಉಂಟು ಹೇಳಿ?”

ನಾನೂ ಹೆಡ್ ಕ್ಲಾರ್ಕರೂ ಒಟ್ಟಿಗೇ ಬಾಯಿ ಮುಚ್ಚಿದೆವು.

೨. ಕರವಸ್ತ್ರದ ಗಂಟು

ಒಂದು ದಿನ ಅಕ್ಕೋರಿಗೆ ಪೆನ್ನು ಸಿಗಲಿಲ್ಲ. ಚೀಲದೊಳಗಿದ್ದದ್ದನ್ನೆಲ್ಲ ಒಂದೊಂದಾಗಿ ಮೇಜಿನ ಮೇಲೆ ಇಡತೊಡಗಿದರು. ಬಾಚಣಿಗೆ, ಪೌಡರ್ ಡಬ್ಬಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಕೊನೆಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಗಂಟು ‘ಟಕ್’ ಅಂತ ಕೂತಿತು. ಬಟ್ಟೆಯ ತುದಿ ಸರಿದು ಹಿಡಿಕೆ ಕಾಣಿಸಿತು.

ನಾನು ಎದುರಿಗೇ ನಿಂತಿದ್ದೆ. “ಅಕ್ಕೋರೇ, ಅದು...”

“ಪಿಸ್ತೂಲು” ಅಂದರು, ಛತ್ರಿ ಅಂದಷ್ಟು ಸಲೀಸಾಗಿ. “ನಮ್ಮ ತಂದೆ ಮಿಲಿಟರಿಯಲ್ಲಿದ್ದವರು. ಕಾಡು ಊರಲ್ಲಿ ಒಬ್ಬಳೇ ತಿರುಗಬೇಕು, ಜೊತೆಗಿರಲಿ ಅಂತ ಕೊಟ್ಟರು. ಲೈಸೆನ್ಸ್ ಇದೆ, ಬಿ.ಡಿ.ಓ. ಸಾಹೇಬರಿಗೂ ಹೇಳಿದ್ದೇನೆ. ಉಳಿದವರಿಗೆ ತಿಳಿಯುವುದು ಬೇಡ, ಸುಮ್ಮನೆ ಹೆದರುತ್ತಾರೆ.”

“ನನ್ನ ಬಾಯಿಂದ ಹೋಗುವುದಿಲ್ಲ” ಅಂದೆ.

ಹೋಗಬೇಕಾದ ಅಗತ್ಯವೂ ಬೀಳಲಿಲ್ಲ. ಕಪಾಟಿನ ಹಿಂದೆ ಯಾರೋ ಉಸಿರು ಎಳೆದುಕೊಂಡ ಸದ್ದಾಯಿತು. ಬಗ್ಗಿ ನೋಡಿದರೆ ಹೆಡ್ ಕ್ಲಾರ್ಕರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಸಂಜೆ ಚಹಾಕ್ಕೆ ಹೋದರೆ ಹೋಟೆಲಿನ ಭಟ್ಟರು ನನ್ನನ್ನು ಬದಿಗೆ ಕರೆದು, “ನಿಮ್ಮ ಆಫೀಸಿಗೆ ತೋಪು ಬಂಜಡ, ಹೌದಾ?” ಅಂತ ಕೇಳಿದರು.

೩. ನೆಗಡಿಯ ವಾರ

ಹೆಡ್ ಕ್ಲಾರ್ಕರಿಗೆ ಯಾವ ಕಾಗದ ಕೊಟ್ಟರೂ “ನಾಳೆ ನೋಡೂಣ ಬಿಡ್ರಿ” ಅನ್ನುವ ರೂಢಿ. ಅಕ್ಕೋರ ಕಾಗದಗಳೂ ಅವರ ಮೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು.

ಆ ವಾರ ಅಕ್ಕೋರಿಗೆ ಜೋರು ನೆಗಡಿ. ಹೊಲಿಗೆ ಯಂತ್ರದ ಕಾಗದ ಏನಾಯಿತು ಅಂತ ಕೇಳುವುದಕ್ಕೆ ಹೆಡ್ ಕ್ಲಾರ್ಕರ ಮೇಜಿನ ಹತ್ತಿರ ಬಂದು ನಿಂತರು. “ನಾಳೆ...” ಅಂತ ಇವರು ಶುರು ಮಾಡುವುದಕ್ಕೂ, ಸೀನು ಬಂದು ಅಕ್ಕೋರು ಕರವಸ್ತ್ರಕ್ಕೆ ಚೀಲದೊಳಗೆ ಕೈ ಹಾಕುವುದಕ್ಕೂ ಸರಿಹೋಯಿತು.

“ನಾಳೆ ಯಾಕ್ರಿ, ಈಗಽ ಮಾಡ್ತೀನಿ!” ಅಂತ ಹೆಡ್ ಕ್ಲಾರ್ಕರು ನಿಂತುಕೊಂಡೇ ಸಹಿ ಹಾಕಿದರು.

ಶನಿವಾರದ ಹೊತ್ತಿಗೆ ಮೂಲೆಯಲ್ಲಿ ಅಕ್ಕೋರ ಒಂದು ಕಾಗದವೂ ಉಳಿಯಲಿಲ್ಲ. ಅಕ್ಕೋರ ಮೂಗು ಸರಿಹೋದ ಮೇಲೆ ಪಟ್ಟೆವಾಲ ಬೇಜಾರು ಮಾಡಿಕೊಂಡ. “ನನ್ನ ರಜೆ ಅರ್ಜಿ ಬಾಕಿ ಇತ್ತು. ಇನ್ನೊಂದೆರಡು ಸೀನು ಬಂದಿದ್ರೆ ಅದೂ ಆಗ್ತಿತ್ತು.”

೪. ಮೇಜಿನ ಮುಖ

ತಡೆಯಲಾರದೆ ಹೆಡ್ ಕ್ಲಾರ್ಕರು ಸಾಹೇಬರ ಹತ್ತಿರ ಹೋದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳಿಸಿತು.

“ಸಾಹೇಬ್ರ, ನನ್ನ ಮೇಜು ಅವರ ಎದುರಿಗೇ ಐತ್ರಿ. ತಲಿ ಎತ್ತಿದರ ಆ ಚೀಲ ಕಾಣ್ತದ. ಬರಿಯೂ ಅಕ್ಷರ ಎಲ್ಲಾ ಕೆಡಾಕತ್ತಾವ್ರಿ.”

“ಕಾಣಬಾರದು ಅಂದರೆ ಮೇಜು ತಿರುಗಿಸಿಕೊಳ್ಳಿ” ಅಂದರು ಸಾಹೇಬರು.

ಪಟ್ಟೆವಾಲನೂ ನಾನೂ ಸೇರಿ ಮೇಜು ತಿರುಗಿಸಿ ಕೊಟ್ಟೆವು. ಈಗ ಅಕ್ಕೋರು ಅವರ ಬೆನ್ನ ಹಿಂದೆ. ಹೆಡ್ ಕ್ಲಾರ್ಕರು ಕೂತರು. ಒಂದು ಸಾಲು ಬರೆದರು. ಹಿಂದೆ ಚೀಲದ ಗುಂಡಿ ‘ಚಟ್’ ಅಂತು. ಕುರ್ಚಿಯಿಂದ ಹಾರಿ ಎದ್ದವರು ನಮ್ಮನ್ನು ಕೈಬೀಸಿ ಕರೆದರು.

“ಮೊದಲಿನಂಗಽ ಇಡ್ರಪಾ. ಕಾಣೂದಽ ಚಲೋ.”

೫. ಅಜ್ಜಿಯ ತಪಾಸಣೆ

ಹೊಗೆ ಇಲ್ಲದ ಒಲೆ ಹಾಕಿಸಿಕೊಳ್ಳಿ ಅಂತ ಅಕ್ಕೋರು ಕಾನಸೂರಿನ ಒಂದು ಮನೆಗೆ ಎಷ್ಟೋ ಸಲ ಹೋಗಿ ಹೇಳಿದ್ದರು. ಆ ಮನೆಯ ಅಜ್ಜಿ ಒಪ್ಪಿರಲಿಲ್ಲ. ಒಂದು ದಿನ ಅಜ್ಜಿಯೇ ಬಸ್ಸು ಹತ್ತಿ ಕಚೇರಿಗೆ ಬಂದು ಅಕ್ಕೋರ ಮುಂದೆ ಕೂತರು.

“ತಂಗಿ, ನಿನ್ನತ್ರ ಪಿಸ್ತೂಲು ಇದ್ದಡ. ಅದ್ನ ಒಂದ್ಸಲ ತೋರ್ಸು. ಆನು ಒಲೆ ಹಾಕಿಸ್ಕತ್ತೆ.”

ಅಕ್ಕೋರು ತುಂಬ ಹೊತ್ತು ಒಲ್ಲೆ ಅಂದರು. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಕ್ಕೋರು ಗೋಡೆಯ ಕಡೆ ತಿರುಗಿ, ಗುಂಡು ಬೇರೆ ತೆಗೆದಿಟ್ಟು, ಅಂಗೈ ಮೇಲೆ ಹಿಡಿದು ತೋರಿಸಿದರು. ನಾವೆಲ್ಲ ಬರೆಯುತ್ತಿರುವ ಹಾಗೆ ಮಾಡಿ ಕತ್ತು ಉದ್ದ ಮಾಡಿದೆವು. ಅಜ್ಜಿ ಕನ್ನಡಕ ಏರಿಸಿ, ಇಳಿಸಿ, ಆಚೆ ಈಚೆ ನೋಡಿದರು.

“ಇಷ್ಟೇಯಾ? ಇದ್ಕೆ ತೋಟದ ಮಂಗ ಹೆದರ್ತಾ?”

“ಮಂಗಕ್ಕೆ ಇದು ಸಾಲದು ಅಜ್ಜಿ.”

“ಅದೇ ಹೇಳಿದ್ದು. ಯಂಗಳ ಮನೆ ಕೋವಿ ಮುಂದೆ ಇದು ಮೊಮ್ಮಗು ಹಾಂಗೆ ಕಾಣ್ತು” ಅಂದ ಅಜ್ಜಿ, ಹೆಡ್ ಕ್ಲಾರ್ಕರ ಕಡೆ ತಿರುಗಿ, “ಇದ್ಕೆ ಹೆದರೋ ಮಂಗ ಇವನೆಯಾ?” ಅಂದರು.

ಅಕ್ಕೋರು ಬಾಯಿತುಂಬ ನಕ್ಕದ್ದನ್ನು ನಾವು ನೋಡಿದ್ದು ಅವತ್ತೇ ಮೊದಲು.

೬. ಎರಡನೆಯ ಪಿಸ್ತೂಲು

ಹೆಂಗಸರ ಮಂಡಳಿಗೆ ಅಂತ ಕಟ್ಟಿದ ಒಂದು ಕೋಣೆಯಲ್ಲಿ ಯಲ್ಲಾಪುರ ಕಡೆಯ ಕಂತ್ರಾಟುದಾರರೊಬ್ಬರು ತಮ್ಮ ಮರದ ನಾಟ ತುಂಬಿಸಿಟ್ಟಿದ್ದರು. ಖಾಲಿ ಮಾಡಿ ಅಂತ ಅಕ್ಕೋರು ಹೇಳಿ ಕಳಿಸಿದ್ದಕ್ಕೆ ಅವರೇ ಕಚೇರಿಗೆ ನುಗ್ಗಿದರು. ಎತ್ತರದ ಆಳು, ಮೇಲೆ ಉದ್ದ ಕೋಟು.

“ನನ್ನ ನಾಟ ಮುಟ್ಟುವ ಧೈರ್ಯ ಯಾರಿಗೆ ಉಂಟು ನೋಡ್ತೆ!” ಅಂತ ಅಕ್ಕೋರ ಮೇಜು ಗುದ್ದಿದರು. ಗುದ್ದಿದ ರಭಸಕ್ಕೆ ಅವರ ಟೊಪ್ಪಿಗೆ ಜಾರಿ ಬಿತ್ತು. ಅದನ್ನು ಹೆಕ್ಕಲು ಬಗ್ಗಿದರು ನೋಡಿ, ಕೋಟಿನ ಒಳಜೇಬಿನಿಂದ ಒಂದು ದೊಡ್ಡ ಪಿಸ್ತೂಲು ‘ಧಡ್’ ಅಂತ ನೆಲಕ್ಕೆ ಬಿತ್ತು.

ಕ್ಷಣದಲ್ಲಿ ಕಚೇರಿ ಖಾಲಿ. ನಾವೆಲ್ಲ ಮೇಜುಗಳ ಕೆಳಗೆ. ಹೆಡ್ ಕ್ಲಾರ್ಕರು ಎಲ್ಲರಿಗಿಂತ ಮೊದಲು.

ಅಕ್ಕೋರು ಎದ್ದು ಬಂದರು. ಅದನ್ನು ಎತ್ತಿಕೊಂಡು, ಮೂತಿ ನೆಲದ ಕಡೆಗೇ ಇಟ್ಟು, ಬಿಚ್ಚಿ, ಗುಂಡುಗಳನ್ನು ಅಂಗೈಗೆ ಸುರಿದುಕೊಂಡರು.

“ತುಂಬಿದ್ದನ್ನು ಹೀಗೆ ಸಡಿಲ ಜೇಬಲ್ಲಿ ಇಟ್ಟುಕೊಂಡು ತಿರುಗುತ್ತೀರಲ್ಲ! ಬಿದ್ದಾಗ ಹಾರಿದ್ದರೆ ನಿಮ್ಮ ಕಾಲೇ ಹೋಗುತ್ತಿತ್ತು. ತುಕ್ಕು ನೋಡಿ, ಎಣ್ಣೆ ಕಂಡು ಎಷ್ಟು ಕಾಲವಾಯಿತೋ.”

“ಲೈಸೆನ್ಸ್ ಉಂಟು...” ಅಂದರು ಅವರು, ಧ್ವನಿ ಇಳಿದಿತ್ತು.

“ಲೈಸೆನ್ಸಿಗೆ ಯಾರೂ ಎಣ್ಣೆ ಹಾಕಿ ಅನ್ನಲಿಲ್ಲ. ಹಿಡಿಯಿರಿ. ಗುಂಡು ಸಾಹೇಬರ ಹತ್ತಿರ ಇರುತ್ತೆ, ಅವರನ್ನು ಕೇಳಿ ತೆಗೆದುಕೊಳ್ಳಿ.”

ಕಂತ್ರಾಟುದಾರರು ಕಣ್ಣು ಬಿಟ್ಟರು. “ಹೆಂಗಸ್ರಿಗೆ ಇದೆಲ್ಲ ಹ್ಯಾಂಗೆ ಗೊತ್ತು?”

ಮೇಜಿನ ಕೆಳಗಿಂದ ಹೆಡ್ ಕ್ಲಾರ್ಕರ ಧ್ವನಿ ಬಂತು, ಹೆಮ್ಮೆಯಿಂದ:

“ಅವರದು ನಿಮ್ಮದಕ್ಕಿಂತ ಭಾಳ ಚಲೋ ಐತ್ರೀ! ಒಂದು ಚೂರೂ ತುಕ್ಕಿಲ್ಲ!”

ಕಂತ್ರಾಟುದಾರರು ಕರಿ ಚೀಲ ನೋಡಿದರು, ಅಕ್ಕೋರ ಮುಖ ನೋಡಿದರು. “ನಾಟ ಇವತ್ತೇ ತೆಗೆಸ್ತೆ” ಅಂದು, ಟೊಪ್ಪಿಗೆ ಅಲ್ಲೇ ಬಿಟ್ಟು ಹೊರಟುಹೋದರು.

ನಾವು ಒಬ್ಬೊಬ್ಬರಾಗಿ ಎದ್ದೆವು. ಹೆಡ್ ಕ್ಲಾರ್ಕರು ಮಾತ್ರ ಏಳಲಿಲ್ಲ. ಅಕ್ಕೋರು ಬಗ್ಗಿ, “ಹೊರಗೆ ಬನ್ನಿ, ಅವರು ಹೋದರು” ಅಂದರು.

ಒಳಗಿಂದ ಉತ್ತರ ಬಂತು: “ಅವರು ಹೋದದ್ದು ಕಂಡೆ ಬಿಡ್ರಿ. ಕೈಯಾಗ ಗುಂಡು ಹಿಡಕೊಂಡು ನೀವು ಇನ್ನೂ ಇಲ್ಲೇ ನಿಂತೀರಲ್ರೀ!”