ಬಲಕ್ಕೆ ಎಳೆಯುವ ಕಾರು

ಎಲ್ಲದಕ್ಕೂ ಕಾರಣ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಒಂದು ಸೂರ್ಯಕಾಂತಿ ಬೀಜದ ಸಿಪ್ಪೆ. ಅದೊಂದು ತೆಪ್ಪಗೆ ಹೊಟ್ಟೆಗೆ ಇಳಿದಿದ್ದರೆ ಸ್ರೇತೆನ್ ಇವತ್ತು ಹೆಂಡತಿಯ ಕೈಯಡುಗೆ ಉಂಡು ಗುಂಡಗೆ ಕೂತಿರುತ್ತಿದ್ದ.

ಅವತ್ತು ಸತ್ತವರ ಶನಿವಾರ. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ತಂತಮ್ಮವರ ಗೋರಿಗೆ ಮೇಣದಬತ್ತಿ ಹಚ್ಚುವ ದಿನ. ಬೆಳಿಗ್ಗೆಯೇ ಬಾನಾತ್ ಬಯಲಿನ ಮಂಜು ಇಳಿದಿತ್ತು. ಆ ಮಂಜಿನಲ್ಲಿ ಕೈ ಚಾಚಿದರೆ ತುದಿಯಲ್ಲಿರುವ ಬೆರಳು ನಮ್ಮದೋ ಬೇರೆಯವರದೋ ಅಂತ ಅನುಮಾನ ಬರುತ್ತದೆ. ಧಾನ್ಯದ ಉಗ್ರಾಣದಲ್ಲಿ ತೂಕ ನೋಡುವ ಸ್ರೇತೆನ್, ನಲವತ್ತು ದಾಟಿದ ಬ್ರಹ್ಮಚಾರಿ, ಸೇವಂತಿಗೆ ತರಲು ಪಟ್ಟಣಕ್ಕೆ ಹೊರಟಿದ್ದ. ಹೂವು ಗವ್ರಾನ ಗೋರಿಗೆ. ಗವ್ರಾನ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ, ಪ್ರೀತಿ ಇದ್ದದ್ದು ಗವ್ರಾನ ವಿಧವೆ ರಾದೊಯ್ಕಾಳ ಮೇಲೆ. ಅವಳ ಹತ್ತಿರ ಮಾತಾಡಲು ನೆಪ ಬೇಕೆಂದೇ ಅವಳು ಮಾರಲಿಟ್ಟ ಗಂಡನ ಕಾರನ್ನು ಕೊಂಡಿದ್ದ. ಸಂಜೆ ಅವಳನ್ನು ಅದರಲ್ಲೇ ಸ್ಮಶಾನಕ್ಕೆ ಕರೆದೊಯ್ದು, ಬತ್ತಿ ಹಚ್ಚಿ ಮುಗಿದ ಮೇಲೆ ಕೇಳಿಯೇ ಬಿಡುವುದು ಅಂತ ಉಂಗುರವನ್ನೂ ಜೇಬಿಗೆ ಹಾಕಿಕೊಂಡಿದ್ದ.

ಕಾರಿನ ಬಗ್ಗೆ ಹೇಳಬೇಕು. ಗವ್ರಾ ಶೋಕಿಲಾಲ. ಕಾರು ನೆಲ ಸವರಿಕೊಂಡು ಹೋಗಬೇಕು ಅಂತ ಸ್ಪ್ರಿಂಗುಗಳನ್ನು ತಾನೇ ಕೊಯ್ದು ತಗ್ಗಿಸಿದ್ದ. ರಸ್ತೆಯಲ್ಲಿ ಕಪ್ಪೆ ಕೂತಿದ್ದರೂ ಸುತ್ತಿ ಹೋಗಬೇಕಾದ ಕಾರು ಅದು. ಸ್ವಲ್ಪ ವೇಗ ಕೊಟ್ಟರೆ ಕೆಳಗಿನಿಂದ ಯಾರೋ ಮೂಗಿನಲ್ಲಿ ನರಳಿದ ಹಾಗೆ ಹೂಂ... ಹೂಂ... ಅನ್ನುತ್ತಿತ್ತು. ಮೇಲಾಗಿ ಯಾವಾಗಲೂ ಬಲಕ್ಕೆ ಎಳೆಯುತ್ತಿತ್ತು. ಎಡಕ್ಕೆ ಜಗ್ಗಿ ಹಿಡಿದು ಹಿಡಿದು ಸ್ರೇತೆನ್‌ನ ರಟ್ಟೆ ಬಿದ್ದು ಹೋಗಿತ್ತು. ಇದ್ದದ್ದು ಒಂದೇ ಸುಖ. ಸಂಜೆ ಮನೆಗೆ ಬರುವಾಗ, ಬೀದಿಯ ಕೊನೆಯಲ್ಲಿ ಸ್ಮಶಾನದ ಗೇಟು ಎದುರಾಗಿ ರಸ್ತೆ ಬಲಕ್ಕೆ ಹೊರಳುವಲ್ಲಿ, ಕೈ ಸಡಿಲ ಬಿಟ್ಟರೆ ಸಾಕು, ಕಾರು ತಾನೇ ತಿರುಗಿಕೊಳ್ಳುತ್ತಿತ್ತು.

ಆ ಬೆಳಿಗ್ಗೆ ರಾದೊಯ್ಕಾಳ ಮನೆ ಹತ್ತಿರ ಬರುತ್ತಲೇ ಸಿಪ್ಪೆ ಹಲ್ಲಿಗೆ ಸಿಕ್ಕಿತು. ಅವಳು ಗೇಟಿನಲ್ಲಿದ್ದರೆ ನಗಬೇಕಲ್ಲ, ನಕ್ಕರೆ ಕಾಣುತ್ತದಲ್ಲ! ಅವನು ಎರಡೂ ಕೈ ಬಿಟ್ಟು ಕನ್ನಡಿಯಲ್ಲಿ ಬಾಯಿ ಅಗಲಿಸಿದ. ಕಾರು ಮೆತ್ತಗೆ ಬಲಕ್ಕೆ ಸರಿದು, ಅವಳ ಮನೆಯ ಎದುರುಗಡೆ ಇರುವ ಪಾಯಾನ ಶೆರೆಯಂಗಡಿಯ ಮುಂದೆ, ಹಿಪ್ಪುನೇರಳೆ ಮರದ ಕೆಳಗೆ ಹೋಗಿ ನಿಂತಿತು. ಗವ್ರಾ ದಿನಾ ನಿಲ್ಲಿಸುತ್ತಿದ್ದದ್ದು ಅಲ್ಲೇ.

ಮಂಜಿನೊಳಗಿಂದ ಒಂದು ಮುದಿ ದನಿ ಬಂತು. "ಗವ್ರಾ, ನೀನೇನಪ್ಪಾ?"

ಸ್ರೇತೆನ್ ಬಾಯಿ ಮುಚ್ಚಿ ಹೊರಗೆ ಇಣುಕಿದ. ಬೆಂಚಿನ ಮೇಲೆ ಕೂತಿದ್ದವಳು ಸ್ಮಿಲ್ಯಾ ಅಜ್ಜಿ. ಬೀದಿಯಲ್ಲಿ ಯಾರ ಮನೆ ಬೆಕ್ಕು ಯಾರ ಮನೆ ಹಾಲು ಕುಡಿಯಿತು ಅಂತ ಬೆಕ್ಕಿಗಿಂತ ಮೊದಲು ತಿಳಿಯುವವಳು.

"ನಾನಜ್ಜಿ, ಸ್ರೇತೆನ್. ಕಾರು ತಾನಾಗೇ ತಿರುಗ್ತು, ಅಷ್ಟೇ."

"ತಾನಾಗೇ!" ಅಜ್ಜಿ ಶಿಲುಬೆ ಗುರುತು ಮಾಡಿಕೊಂಡಳು. "ಪಾಯಾ, ಬಾರೋ ಹೊರಗೆ! ಕಾರು ತಾನಾಗೇ ನಿನ್ನಂಗ್ಡಿಗೆ ಬಂದೈತೆ ಕಣೋ!"

ಪಾಯಾ ಕೈಯಲ್ಲಿ ತುಂಬಿದ ಗ್ಲಾಸು ಹಿಡಿದೇ ಹೊರಗೆ ಬಂದ. ಆ ನರಳಾಟ ಕೇಳಿ ಅಭ್ಯಾಸಬಲದಿಂದ ಗವ್ರಾನಿಗೆ ಸುರಿದುಬಿಟ್ಟಿದ್ದನಂತೆ. ಸತ್ತು ವರ್ಷ ಕಳೆದ ಮೇಲೂ ಕೈ ಮರೆತಿಲ್ಲ ನೋಡಿ.

"ಸಂಜೆ ಪಟ್ಣದಿಂದ ಬರೋವಾಗ ಎತ್ಲಾಗೆ ಎಳೀತದೆ?" ಅಜ್ಜಿ ಪೊಲೀಸರ ಹಾಗೆ ಕೇಳಿದಳು.

"ಅವಾಗ್ಲೂ ಬಲಕ್ಕೇ. ರಾದೊಯ್ಕಾ ಅವರ ಗೇಟ್ ಕಡೆಗೆ..." ಅಂದ ಸ್ರೇತೆನ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕೇಳಿದ್ರೇನ್ರಪ್ಪಾ! ಬೆಳಿಗ್ಗೆ ಶೆರೆಯಂಗ್ಡಿ, ಸಂಜೆ ಮನೆ. ಗವ್ರಾ ಬದುಕಿದ್ದಾಗ ಬೇರೇನು ಮಾಡ್ತಿದ್ದ?"

ಅಷ್ಟರಲ್ಲಿ ರಾದೊಯ್ಕಾ ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುಖ ಮಂಜಿಗಿಂತ ಬೆಳ್ಳಗಾಗಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಸ್ರೇತೆನ್? ಕಾರಿನ ಜೊತೆ ಅವರೂ ಹೋದ್ರು ಅಂದ್ಕೊಂಡಿದ್ದೆ. ರಾತ್ರಿ ಆ ಹೂಂ ಅನ್ನೋ ಸದ್ದು ಕೇಳ್ದಾಗೆಲ್ಲ ಕನಸು ಅಂದ್ಕೊಂಡು ಮುಸುಕೆಳ್ಕೋತಿದ್ದೆ."

"ಅಯ್ಯೋ, ಅದು ಚಕ್ರದ ದೋಷ! ಪಟ್ಣದಲ್ಲಿ ಟೋಶಾ ಇದಾನೆ, ಇವತ್ತೇ ಸರಿ ಮಾಡಿಸ್ತೀನಿ."

ಅವಳು ಅವನನ್ನು ಪಕ್ಕಕ್ಕೆ ಕರೆದಳು. "ನೀವು ಇವತ್ತು ಏನು ಕೇಳ್ಬೇಕಂತಿದೀರ, ನಂಗೊತ್ತು. ಜೇಬು ಉಬ್ಬಿರೋದು ಇಡೀ ಬೀದಿಗೆ ಕಾಣ್ತಿದೆ. ನಾನು ಹೂಂ ಅಂತಿದ್ದೆ. ಆದ್ರೆ ಮೂರು ಜನರ ಸಂಸಾರ ನಂಗೆ ಬೇಡ. ಸಂಜೆ ಬೀದಿ ತುದೀಲಿ ಕಾಯ್ತೀನಿ. ನೀವು ಸ್ಟೀರಿಂಗ್ ಮುಟ್ಟಬಾರ್ದು. ಕಾರು ನನ್ನ ಗೇಟಿಗೆ ತಿರುಗ್ದೆ ನೇರ ಹೋದ್ರೆ, ಅವರು ಹೋದ್ರು ಅಂತ ಲೆಕ್ಕ. ಅಲ್ಲೇ ಹೂಂ ಅಂತೀನಿ."

ಸ್ರೇತೆನ್‌ಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಆದರೆ ಬೀದಿಯವರು ಸುಮ್ಮನೆ ಬಿಟ್ಟಾರೆಯೇ? ಅಜ್ಜಿ ಒಂದು ಮಾರು ಬೆಳ್ಳುಳ್ಳಿ ಸರ ತಂದು ಕನ್ನಡಿಗೆ ಕಟ್ಟಿದಳು. ಪಾಯಾ ಆ ಗ್ಲಾಸಿನ ರಾಕಿಯಾ ಶೆರೆಯನ್ನು, ಸತ್ತವನ ಪಾಲು ಸತ್ತವನಿಗೆ ಅಂತ, ಬಾನೆಟ್ಟಿನ ಮೇಲೆ ಸುರಿದ. ಹೀಗೆ ಬೆಳ್ಳುಳ್ಳಿ ಹಾಕಿ ಹೆಂಡದಲ್ಲಿ ನೆನೆಸಿದ ಕೋಳಿಯ ಹಾಗೆ ಸಿಂಗಾರವಾಗಿ ಕಾರು ಪಟ್ಟಣಕ್ಕೆ ಹೋಯಿತು.

ಟೋಶಾ ಅಂದರೆ ಬಾಯಿಬಡುಕ. ಕಾರನ್ನು ಮೇಲಕ್ಕೆತ್ತಿ ಅಡಿಯಲ್ಲಿ ನಿಂತವನೇ ಶಿಳ್ಳೆ ಹೊಡೆದ.

"ಬಾ ಗುರುವೇ, ನಿನ್ನ ದೆವ್ವ ನೋಡು ಬಾ. ಹೊರಗಡೆಯಿಂದ ಟೈರು ಹೊಸ ಮದುಮಗ. ಒಳಗಡೆ ಅಂಚು ಮುಟ್ಟು. ಹುಷಾರು, ತಂತಿ ಚುಚ್ಚೀತು."

ನಿಜ. ಯಾರ ಕಣ್ಣಿಗೂ ಬೀಳದ ಒಳಮಗ್ಗುಲಲ್ಲಿ ರಬ್ಬರು ಸವೆದು ತಂತಿ ಎದ್ದಿತ್ತು. ಇಷ್ಟು ದಿನ ಇದರ ಮೇಲೆ ಕೂತು ಓಡಾಡಿದೆನಲ್ಲಾ ಅಂತ ಸ್ರೇತೆನ್ ಬೆರಳು ಹಿಂದಕ್ಕೆಳೆದುಕೊಂಡ.

"ಕಾರು ತಗ್ಗಿಸಿದ್ರೆ ಸಾಕಾ? ಆಮೇಲೆ ಅಲೈನ್‌ಮೆಂಟ್ ಮಾಡಿಸ್ಬೇಕು ತಾನೆ?" ಅಂದ ಟೋಶಾ. "ಚಕ್ರದ ತಲೆ ಒಳಕ್ಕೆ ವಾಲಿದೆ, ಒಂದಕ್ಕಿಂತ ಒಂದು ಜಾಸ್ತಿ. ಮೂತಿ ನೋಡಿದ್ರೆ ಜಗಳ ಆಡಿದ ಗಂಡ ಹೆಂಡ್ತಿ ತರ ಇದೊಂದು ದಿಕ್ಕು, ಅದೊಂದು ದಿಕ್ಕು. ಒಳ ಅಂಚು ಸವೀದೆ ಇನ್ನೇನಾಗುತ್ತೆ? ಅಂಚು ಹಲ್ಲು ಹಲ್ಲಾಗಿದೆ, ಅದಕ್ಕೇ ಗೋಳಾಡೋದು. ದೆವ್ವವಂತೆ! ಟೋಶಾ ಇರೋ ಕಡೆ ದೆವ್ವಕ್ಕೇನು ಕೆಲ್ಸ?"

ಹೀಗೆ ಹೇಳುತ್ತಾ ಅವನು ಒಂದು ಹಳೇ ಟೈರನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಟೈರು ಒಂದು ಗಳಿಗೆ ಸುಮ್ಮನೆ ನಿಂತಿತು. ಆಮೇಲೆ ಯಾರೂ ಮುಟ್ಟದೆ ಮೆಲ್ಲಗೆ ಉರುಳಿ, ಬಾಗಿಲಲ್ಲಿ ಬಲಕ್ಕೆ ಹೊರಳಿ, ಮಂಜಿನಲ್ಲಿ ಕಾಣೆಯಾಯಿತು. ಇಬ್ಬರೂ ನೋಡಿದರು. ಹಿಂದೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ.

"ನೆಲ ಸ್ವಲ್ಪ ಇಳಿಜಾರು," ಅಂದ ಟೋಶಾ, ದನಿ ಇಳಿಸಿ. ಅಲ್ಲಿಂದ ಕೆಲಸ ಮುಗಿಯುವ ತನಕ ಅವನು ಬಾಯಿ ಬಿಡಲಿಲ್ಲ. ಕೊನೆಗೆ ಬೀಗದ ಕೈ ಕೊಡುವಾಗ ಮಾತ್ರ, "ಹೊಸ ಟೈರು ಹಾಕಿದೀನಿ, ಚಕ್ರ ಕೂದಲೆಳೆಯಷ್ಟೂ ತಪ್ಪದ ಹಾಗೆ ಕೂರ್ಸಿದೀನಿ. ಇನ್ನು ಕೈ ಬಿಟ್ರೆ ರೊಮೇನಿಯಾ ತನಕ ನೇರ ಹೋಗುತ್ತೆ, ನೋಡ್ತಾ ಇರು," ಅಂದ.

ಸಂಜೆ ಬೀದಿಯ ತುದಿಯಲ್ಲಿ ರಾದೊಯ್ಕಾ ಕಪ್ಪು ಕೋಟು ತೊಟ್ಟು ನಿಂತಿದ್ದಳು. ಕಾರು ಹತ್ತಿ, ಗೋರಿಯ ಮೇಲಿಡಲು ಬೇಯಿಸಿ ತಂದ ಗೋಧಿಯ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಎರಡೂ ಬದಿಯ ಬೆಂಚುಗಳಲ್ಲಿ ಮಂಜಿನೊಳಗೆ ಬರೀ ತಲೆಗಳು ಕಾಣುತ್ತಿದ್ದವು. ಸ್ರೇತೆನ್ ಗೇರು ಹಾಕಿ, ಕಾರು ನಿಧಾನಕ್ಕೆ ಹೊರಟಿತು ಅಂದಾಗ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

ನರಳಾಟವಿಲ್ಲ. ಆ ಸದ್ದು ಇಲ್ಲದಿರುವುದೇ ಈಗ ಹೆದರಿಕೆ ಹುಟ್ಟಿಸುವ ಹಾಗಿತ್ತು. ಬೆಳ್ಳುಳ್ಳಿ ಸರ ಅತ್ತಿತ್ತ ಅಲುಗಲಿಲ್ಲ. ಗೇಟು ಹತ್ತಿರ ಬಂತು. ರಾದೊಯ್ಕಾ ಕಣ್ಣು ಮುಚ್ಚಿದಳು. ಗೇಟು ಪಕ್ಕಕ್ಕೆ ಬಂತು. ಗೇಟು ಹಿಂದಕ್ಕೆ ಹೋಯಿತು. ಕಾರು ದಾರ ಹಿಡಿದ ಹಾಗೆ ನೇರ ಹೋಗುತ್ತಿತ್ತು.

"ಹೋದ್ರು!" ಅವಳು ಬಿಕ್ಕಿ ಅತ್ತಳು. "ಹೋದ್ರು ಸ್ರೇತೆನ್! ಹೂಂ, ನಾನು ಹೂಂ ಅಂತೀನಿ!" ಅಂದವಳೇ ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಜನ್ಮದಲ್ಲಿ ಒಂದು ಹೆಣ್ಣು ಕೈ ಹಿಡಿದದ್ದು ಅದೇ ಮೊದಲು. ಸ್ರೇತೆನ್ ಲೋಕ ಮರೆತ. ಕಾಲು ತಾನಾಗಿ ಕೆಳಗೆ ಒತ್ತಿತು. ಬೀದಿಯ ಕೊನೆಯಲ್ಲಿ ರಸ್ತೆ ಎಂದಿನಂತೆ ಬಲಕ್ಕೆ ಹೊರಳಿತು. ಕಾರು ಮಾತ್ರ ಅವತ್ತು ಹೊರಳಲಿಲ್ಲ. ಕೂದಲೆಳೆಯಷ್ಟೂ ತಪ್ಪದೆ, ಸತ್ತವರ ಶನಿವಾರಕ್ಕೆಂದು ಹಾರು ಹೊಡೆದಿದ್ದ ಸ್ಮಶಾನದ ಗೇಟಿನೊಳಗೆ ನೇರ ನುಗ್ಗಿತು.

"ಬ್ರೇಕು!" ಅಂತ ಯಾರೋ ಕಿರುಚಿದರು. ಸ್ರೇತೆನ್ ಬ್ರೇಕು ಒತ್ತಿದ. ಒದ್ದೆ ಎಲೆಗಳ ಮೇಲೆ ಕಾರು ಜಾರಿತು. ಬತ್ತಿ ಹಿಡಿದ ಹೆಂಗಸರು ಚೆಲ್ಲಾಪಿಲ್ಲಿಯಾದರು. ಧಡ್ ಎಂದು ಚಕ್ರ ಒಂದು ಗೋರಿಯ ಕಟ್ಟೆಗೆ ಬಡಿದು, ತಗ್ಗಿದ ಹೊಟ್ಟೆ ಕಲ್ಲಿನ ಮೇಲೆ ಕೂತು, ಕಾರು ನಿಂತಿತು.

ದೀಪದ ಬೆಳಕು ಎದುರಿನ ಕರಿಕಲ್ಲಿನ ಮೇಲೆ ಬಿದ್ದಿತ್ತು. ಕಲ್ಲಿನಲ್ಲಿ ಗವ್ರಾ ಕೈಕಟ್ಟಿ ನಗುತ್ತಿದ್ದ. ಅವನು ಒರಗಿ ನಿಂತದ್ದು ಇದೇ ಕಾರಿಗೆ, ಹೊಟ್ಟೆ ನೆಲಕ್ಕೆ ತಾಗಿದ ಹಾಗೇ ಕೆತ್ತಿದ್ದರು. ಅವನ ಪಕ್ಕದಲ್ಲಿ ರಾದೊಯ್ಕಾಳ ಚಿತ್ರ, ಹೆಸರು, ಹುಟ್ಟಿದ ವರ್ಷ, ಒಂದು ಗೆರೆ. ಗೆರೆಯ ಮುಂದೆ ಖಾಲಿ. ಗಂಡ ಸತ್ತಾಗಲೇ ಒಟ್ಟಿಗೆ ಕೆತ್ತಿಸಿದರೆ ಅಗ್ಗ ಅಂತ ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಕಲ್ಲಿನ ರಾದೊಯ್ಕಾ ಆ ಕಡೆಯಿಂದಲೂ, ಜೀವದ ರಾದೊಯ್ಕಾ ಈ ಕಡೆಯಿಂದಲೂ ನೋಡಿದಾಗ ಸ್ರೇತೆನ್‌ಗೆ ಯಾರ ಕೈ ತನ್ನ ಕೈಯಲ್ಲಿದೆ ಎಂಬುದೇ ತಿಳಿಯಲಿಲ್ಲ.

ಅವಳು ಕೈ ಬಿಡಿಸಿಕೊಂಡಳು. "ಮನೆಗೆ ಬರ್ತಿದಾರೆ ಅಂದ್ಕೊಂಡಿದ್ದೆ. ಅಲ್ಲ. ನನ್ನನ್ನ ಇಲ್ಲಿಗೆ ಕರೀತಿದ್ರು."

"ರಸ್ತೆ ತಿರುಗ್ತು ರಾದೊಯ್ಕಾ! ಕಾರು ನೇರ ಬಂತು, ಅಷ್ಟೇ!"

"ಹೌದು," ಅಂದಳು ಅವಳು, "ನೇರ ಅವರ ಹತ್ರಕ್ಕೇ."

ಅವಳು ಸ್ಮಿಲ್ಯಾ ಅಜ್ಜಿಯ ತೋಳು ಹಿಡಿದು ನಡೆದೇ ಮನೆಗೆ ಹೋದಳು. ಊರಿನ ಗಂಡಸರು ಎರಡೂ ಕಡೆ ಸಾಲಾಗಿ ನಿಂತು ಕಾರನ್ನು ಎತ್ತಿ ಗೋರಿಯಿಂದ ಹೊರಗೆ ತಂದರು. ಎತ್ತುವ ಮೊದಲು ಎಲ್ಲರೂ ಅಭ್ಯಾಸದಿಂದ ಟೊಪ್ಪಿ ತೆಗೆದರು.

ಕಾರಿನಲ್ಲಿ ಗೋಧಿಯ ಬೋಗುಣಿ ಉಳಿದಿತ್ತು. ಸ್ರೇತೆನ್‌ಗೆ ಆಸೆ ಚಿಗುರಿತು. ಬೋಗುಣಿ ಕೊಡುವ ನೆಪದಲ್ಲಿ ಹೋದರೆ, ಕೂತು ಸಮಾಧಾನವಾಗಿ ಹೇಳಿದರೆ, ಕೇಳಿಯಾಳು. ಕಾರು ತಿರುಗಿಸಿ ಬೀದಿಗೆ ಬಂದ. ಬಡಿದ ಏಟಿಗೆ ಚಕ್ರ ಸೊಟ್ಟಗಾಗಿ ಯಾವುದಕ್ಕೋ ಉಜ್ಜುತ್ತಿತ್ತು. ಕೆಳಗಿನಿಂದ ಮತ್ತೆ ಅದೇ ದನಿ, ಹೂಂ... ಹೂಂ...

ಈಗ ರಾದೊಯ್ಕಾಳ ಗೇಟು ಎಡಕ್ಕೆ. ಗೇಟಿನಲ್ಲಿ ಅವಳು ನಿಂತಿದ್ದಳು. ದನಿ ಕೇಳಿಯೇ ಹೊರಗೆ ಬಂದಿರಬೇಕು. ಸ್ರೇತೆನ್ ಬೋಗುಣಿ ಎತ್ತಿ ತೋರಿಸಿದ, ಸ್ಟೀರಿಂಗನ್ನು ಎಡಕ್ಕೆ ಎಳೆದ. ಎರಡೂ ಕೈಯಿಂದ ನೇತುಬಿದ್ದು ಎಳೆದ. ಕಾರು ಕೇಳಲಿಲ್ಲ. ಅವಳಿಗೆ ಬೆನ್ನು ತಿರುಗಿಸಿ, ನರಳುತ್ತಾ ಬಲಕ್ಕೆ ಸರಿದು, ಹಿಪ್ಪುನೇರಳೆ ಮರದ ಕೆಳಗೆ ಹೋಗಿ ನಿಂತಿತು.

"ಇವರೂ ಅಲ್ಲಿಗೇ," ಅಂದಳು ರಾದೊಯ್ಕಾ. ಗೇಟಿಗೆ ಅಗುಳಿ ಬಿದ್ದ ಸದ್ದು ಕೇಳಿಸಿತು.

ಸ್ರೇತೆನ್ ಸ್ವಲ್ಪ ಹೊತ್ತು ಬೆಳ್ಳುಳ್ಳಿ ಸರ ನೋಡುತ್ತಾ ಕೂತ. ಆಮೇಲೆ ಇಳಿದು ಶೆರೆಯಂಗಡಿಯೊಳಗೆ ಹೋಗಿ, ಕಿಟಕಿ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕುಸಿದ. ಅದು ಯಾರ ಕುರ್ಚಿ ಎಂದು ನೆನಪಾದದ್ದು ಕೂತ ಮೇಲೆ. ಅವನಿಗೆ ಗೊತ್ತಿಲ್ಲದೆ ಮೂಗಿನಲ್ಲಿ ಒಂದು ನರಳಾಟ ಹೊರಟಿತ್ತು.

ಪಾಯಾ ಬೆನ್ನು ಹಾಕಿ ಗ್ಲಾಸು ಒರೆಸುತ್ತಿದ್ದ. ತಿರುಗಿ ನೋಡಲಿಲ್ಲ.

"ಮಾಮೂಲೀನಾ, ಗವ್ರಾ?" ಎಂದು ಕೇಳಿದ.

"ಹೂಂ," ಅಂದ ಸ್ರೇತೆನ್.